ಒಂದೇ ಖಾತೆ, ಎರಡು ನಂಬರು

ಫೆಬ್ರವರಿ ೬, ಮಂಗಳವಾರ

ದನದ ಮೇವಿನ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಜನವರಿಯನ್ನೆಲ್ಲ ಹರಿದು ಒಲೆ ಹೊತ್ತಿಸಿದೆ. ಇವತ್ತು ಹಿಮ ಬಿದ್ದು ದಾರಿ ಮುಚ್ಚಿದೆ, ಮಾಡಲು ಬೇರೆ ಕೆಲಸವಿಲ್ಲ, ಉಳಿದ ಹಾಳೆಗಳಲ್ಲಿ ಬರೆಯೋಣ ಎಂದು ಕುಳಿತೆ.

ಮೊದಲ ಪುಟದಲ್ಲಿ ವಿವರ ಕೇಳಿದ್ದಾರೆ. ಹೆಸರು: ಆರ್ವಿಲ್ ಕೋಗರ್. ಊರು: ಲಾರೆಲ್ ಕಣಿವೆ, ವೆಸ್ಟ್ ವರ್ಜೀನಿಯಾ. ವಯಸ್ಸು: ಅರವತ್ತಾರು, ನೋಡಿದವರು ಐವತ್ತು ಎನ್ನುತ್ತಾರೆ. ಓದು: ಎಂಟನೆಯ ಕ್ಲಾಸು, ಅದರಲ್ಲೂ ಮೇಷ್ಟರಿಗೆ ನಾನು ಕಲಿಸಿದ್ದೇ ಹೆಚ್ಚು. ಹೆಂಡತಿ: ಎರಡು ಸಲ ಮದುವೆಯಾಗಿ ಎರಡು ಸಲವೂ ಜೀವ ಸಹಿತ ಹೊರಗೆ ಬಂದಿದ್ದೇನೆ. ಆಸ್ತಿಗೆ ಜಾಗ ಬಿಟ್ಟಿಲ್ಲ, ಆದರೂ ಅಂಚಿನಲ್ಲಿ ಬರೆದೆ: ಅನ್‌ಲಿಮಿಟೆಡ್ ಪ್ಲಾನ್.

ಈ ಕಣಿವೆಗೆ ಕೇಬಲ್ ಬಂದಿಲ್ಲ, ಬರುವುದೂ ಇಲ್ಲ. ಇರುವುದು ಗುಡ್ಡದ ನೆತ್ತಿಯ ಒಂದು ಟವರ್. ಉಳಿದವರು ತಿಂಗಳ ಹತ್ತನೇ ತಾರೀಖಿಗೆ ಡೇಟಾ ಮುಗಿಸಿಕೊಂಡು ಆಕಾಶ ನೋಡುತ್ತಾರೆ. ನನ್ನದು ೨೦೦೮ರ ಪ್ಲಾನ್, ಕಂಪನಿಯವರಿಗೆ ಬುದ್ಧಿ ಬರುವ ಮುಂಚೆ ಕೊಟ್ಟದ್ದು. ಎಷ್ಟು ಕುಡಿದರೂ ಬತ್ತದ ಬಾವಿ. ಈಗ ಬೇಕೆಂದರೆ ಕಂಪನಿಯ ಯಜಮಾನನಿಗೂ ಸಿಗದು. ಫೋನನ್ನು ಅಡುಗೆಮನೆ ಕಿಟಕಿಯಲ್ಲಿ ಹಿಟ್ಟಿನ ಜರಡಿಯೊಳಗೆ ಕೂರಿಸಿ, ಜರಡಿಯನ್ನು ಗುಡ್ಡದ ಕಡೆ ತಿರುಗಿಸಿದ್ದೇನೆ. ಸಿಗ್ನಲ್ ಸಾಕುನಾಯಿಯ ಹಾಗೆ ಬಂದು ಕೂರುತ್ತದೆ. ಭಾನುವಾರ ಚರ್ಚು ಬಿಟ್ಟ ಮೇಲೆ ಅರ್ಧ ಊರು ನನ್ನ ಜಗಲಿಯಲ್ಲಿರುತ್ತದೆ. ಪಾದ್ರಿ ಕೂಡ. ಅವರಿಗಿಂತ ನನಗೇ ಭಕ್ತರು ಜಾಸ್ತಿ.

ಒಂದೇ ತೊಡಕು. ಖಾತೆ ನನ್ನ ಹೆಸರಿನಲ್ಲಿಲ್ಲ. ಡೆನ್ಜಿಲ್ ಹೆಸರಿನಲ್ಲಿದೆ. ಡೆನ್ಜಿಲ್ ಎಂದರೆ ನಮ್ಮಮ್ಮನ ದೊಡ್ಡ ಮಗ. ಗುಡ್ಡದ ಆ ಮಗ್ಗುಲಲ್ಲಿ ಮನೆ. ಎಂಟು ವರ್ಷದಿಂದ ಮಾತಿಲ್ಲ. ಒಂದೇ ಖಾತೆಯಲ್ಲಿ ಎರಡು ನಂಬರು, ಅವನದೊಂದು ನನ್ನದೊಂದು. ಒಂದನ್ನು ಕಿತ್ತರೆ ಎರಡೂ ಹೊಸ ಪ್ಲಾನಿಗೆ ಬೀಳುತ್ತವೆ. ಹಾಗಾಗಿ ಅವನೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ನನ್ನ ಪಾಲಿನ ಹಣವನ್ನು ಓಪಲ್‌ಳ ಅಂಗಡಿಯಲ್ಲಿ ಕೊಡುತ್ತೇನೆ, ಅವಳು ಅವನಿಗೆ ಮುಟ್ಟಿಸುತ್ತಾಳೆ.

ಆ್ಯಪ್ ತೆರೆದರೆ ಇಬ್ಬರ ಬಳಕೆಯೂ ಕಾಣುತ್ತದೆ. ಪಾಸ್‌ವರ್ಡ್ ಅಮ್ಮನ ಹೆಸರು, ಹುಟ್ಟಿದ ವರ್ಷ: ಐಸಿ ೧೯೩೧. ಅಂದು ನಾನೇ ಇಟ್ಟದ್ದು. ಎಂಟು ವರ್ಷವಾದರೂ ಅವನು ಬದಲಿಸಿಲ್ಲ. ಬದಲಿಸಲು ಬರಬೇಕಲ್ಲ.

ಜನವರಿ ಲೆಕ್ಕ: ನನ್ನದು ೨೧೨ ಜಿಬಿ. ಅವನದು ೧೪೦. ಮೂರು ಚಳಿಗಾಲದಿಂದ ಏರುತ್ತಲೇ ಇದೆ. ನನ್ನ ಜೊತೆ ಪೈಪೋಟಿಗೆ ಬಿದ್ದಿದ್ದಾನೆ, ಮುದುಕ.

ಫೆಬ್ರವರಿ ೯, ಶುಕ್ರವಾರ

ಪೈಪೋಟಿ ಎಂದರೆ ಪೈಪೋಟಿ. ಹಳೆಯ ಟಿವಿಗೆ ಒಂದು ವಿಡಿಯೊ ಹಾಕಿ ಬಿಟ್ಟೆ. ಬರೀ ಬೆಂಕಿ ಉರಿಯುವುದು, ಹತ್ತು ಗಂಟೆ. ನೋಡಲು ನಾಯಿಯನ್ನು ಕೂರಿಸಿದ್ದೇನೆ. ಪಕ್ಕದಲ್ಲೇ ನಿಜವಾದ ಒಲೆ ಉರಿಯುತ್ತಿದೆ, ನಾಯಿ ಅದನ್ನು ಬಿಟ್ಟು ಟಿವಿ ಮುಂದೆ ಮಲಗಿತು. ಓದಿದ ನಾಯಿ.

ಇವತ್ತು ನನ್ನ ಕರಡಿಯ ಕಥೆಯನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಏರಿಸಿದೆ. ಇದು ನಲವತ್ತೊಂದನೆಯ ಕಥೆ. ೧೯೭೪ರಲ್ಲಿ ಆ ಕರಡಿಯನ್ನು ಒಂದೇ ಗುಂಡಿಗೆ ಹೇಗೆ ಕೆಡವಿದೆ ಎಂಬುದನ್ನು ಕೈಸನ್ನೆ ಸಮೇತ ಹೇಳಿದ್ದೇನೆ. ಕರಡಿ ಈ ಸಲ ಮುನ್ನೂರು ಪೌಂಡಿನಿಂದ ಐನೂರಕ್ಕೆ ಬೆಳೆದಿದೆ. ನಲವತ್ತು ವರ್ಷ ತಿಂದುಂಡುಕೊಂಡು ಇದ್ದ ಕರಡಿ ಬೆಳೆಯದೆ ಇರುತ್ತದೆಯೇ?

ಸಂಜೆಗೆ ಮೂವತ್ತೊಂದು ಜನ ನೋಡಿದ್ದರು. ಒಂಬತ್ತು ಹೆಬ್ಬೆರಳು ಮೇಲಕ್ಕೆ, ಒಂದು ಕೆಳಕ್ಕೆ. ಆ ಒಂದು ಯಾವಾಗಲೂ ಇರುತ್ತದೆ. ನಲವತ್ತೊಂದು ಕಥೆಗೂ ಇದೆ. ಏರಿಸಿದ ಒಂದು ಗಂಟೆಯೊಳಗೆ ಬಂದು ಒತ್ತಿ ಹೋಗುತ್ತಾನೆ, ಯಾವನೋ ಹೊಟ್ಟೆಕಿಚ್ಚಿನವನು. ಕಥೆ ಚೆನ್ನಾಗಿದ್ದಷ್ಟೂ ಬೇಗ ಬರುತ್ತಾನೆ.

ಫೆಬ್ರವರಿ ೨೦, ಮಂಗಳವಾರ

ಓಪಲ್ ಅಂಗಡಿಗೆ ಹೋಗಿದ್ದೆ. ಬೀನ್ಸ್, ಹಂದಿ ಕೊಬ್ಬು, ಕಾಫಿ ಪುಡಿ. ಓಪಲ್ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಲಕೋಟೆ ತೆಗೆದು ನನ್ನ ಮುಂದೆ ತಳ್ಳಿದಳು.

"ನಿಮ್ಮಣ್ಣ ಕೊಟ್ಟಿದ್ದು."

"ಯಾವ ಅಣ್ಣ?"

"ನಿನಗೆ ಹತ್ತು ಜನ ಇದ್ದಾರೇನಯ್ಯಾ? ಇರೋನೊಬ್ಬ. ತಗೋ. ಮಗಳು ಟ್ರೀನಾ ಕೈಲಿ ಕಳಿಸಿದ್ದ. ನಾನೇನು ನಿಮ್ಮಿಬ್ಬರ ಮಧ್ಯೆ ಅಂಚೆ ಕಚೇರಿ ಇಟ್ಟಿದ್ದೀನಾ?"

ಕಂಪನಿಯ ಪತ್ರ. ನಿಮ್ಮ ಖಾತೆಯಲ್ಲಿ ಬಳಕೆ ಮಿತಿಮೀರಿದೆ, ಮೂರು ತಿಂಗಳು ಗಮನಿಸುತ್ತೇವೆ, ಕಡಿಮೆಯಾಗದಿದ್ದರೆ ಹಳೆಯ ಪ್ಲಾನ್ ರದ್ದು. ಕಡಿಮೆಯಾದರೆ, ಜೂನ್ ತಿಂಗಳಲ್ಲಿ ಖಾತೆದಾರರೇ ಫೋನ್ ಮಾಡಿ ಪ್ಲಾನ್ ಬೇಕೆಂದು ಬಾಯಲ್ಲಿ ಹೇಳಬೇಕು. ಇಷ್ಟೂ ಅಚ್ಚಿನಲ್ಲಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ಬೇಲಿಗೂಟದಂಥ ಅಕ್ಷರದಲ್ಲಿ:

ಕಡಿಮೆ ಮಾಡೋ ಪೆದ್ದ.

ಎಂಟು ವರ್ಷದಲ್ಲಿ ಮೊದಲ ಮಾತು. ಅದೂ ಇಂಥದ್ದು. ಅವನ ಕೊಬ್ಬು ನೋಡಿ. ನಾನು ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ಇನ್ನೊಂದು ಸಲ ಓದಿದೆ, ಅಕ್ಷರ ತಪ್ಪಿದೆಯೇನೋ ನೋಡಲು. ತಪ್ಪಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ಕಂಪನಿ ಪತ್ರ ಕಳೆಯಬಾರದಲ್ಲ.

ಫೆಬ್ರವರಿ ೨೧, ಬುಧವಾರ

ಬೆಂಕಿಯ ವಿಡಿಯೊ ನಿಲ್ಲಿಸಿದೆ. ಅವನು ಹೇಳಿದ ಎಂದಲ್ಲ. ನಾಯಿಗೆ ಬೇಜಾರಾಗಿತ್ತು.

ಮಾರ್ಚ್ ೧೩, ಮಂಗಳವಾರ

ಮಂಜು ಕರಗುತ್ತಿದೆ, ಹೊಳೆ ಸದ್ದು ಮಾಡುತ್ತಿದೆ. ಫೆಬ್ರವರಿ ಲೆಕ್ಕ: ನನ್ನದು ೯೬, ಅವನದು ೭೧. ಆಹಾ, ಅವನೂ ಇಳಿಸಿದ್ದಾನೆ. ಪ್ಲಾನಿನ ಮೇಲೆ ಅವನಿಗೂ ಪ್ರಾಣ ಇದೆ ಎಂದಾಯಿತು.

ಜಗಳ ಏಕೆ ಎಂದು ಬರೆದಿಡುತ್ತೇನೆ, ಸತ್ಯ ಒಂದು ಕಡೆ ಇರಲಿ. ನಮ್ಮಮ್ಮ ಕಾಡಿನಲ್ಲಿ ಒಂದು ಕಡೆ ಜಿನ್ಸೆಂಗ್ ಬೆಳೆಸಿದ್ದಳು. ಮೂವತ್ತು ವರ್ಷ ಒಂದೊಂದೇ ಬೀಜ ಊರಿ, ಎಲೆ ಮುಚ್ಚಿ, ಯಾರಿಗೂ ತೋರಿಸದೆ. ಆ ಬೇರಿಗೆ ಚಿನ್ನದ ಬೆಲೆ. ಸಾಯುವಾಗ ನಮ್ಮಿಬ್ಬರಿಗೆ ಜಾಗ ಹೇಳಿದಳು. ಆ ವರ್ಷ ಸೆಪ್ಟೆಂಬರಿನಲ್ಲಿ ಓಪಲ್ ಅಂಗಡಿಯ ಒಲೆಯ ಸುತ್ತ ನಾಲ್ಕು ಜನ ಕೂತಿದ್ದರು. ಯಾವನೋ ತನ್ನ ಬೇರು ಬೆರಳುದ್ದ ಎಂದ. ನಮ್ಮಮ್ಮನದು ತೋಳುದ್ದ ಎಂದೆ. ಇದ್ದದ್ದನ್ನು ಹೇಳಿದೆ, ಅಷ್ಟೆ. ವಾರದೊಳಗೆ ಯಾರೋ ನುಗ್ಗಿ ಒಂದು ಗಿಡ ಬಿಡದಂತೆ ಅಗೆದುಕೊಂಡು ಹೋದರು. ಡೆನ್ಜಿಲ್ ಬಂದು ಅಂಗಳದಲ್ಲಿ ನಿಂತು, "ನಿನ್ನ ಬಾಯಿಗೆ ಮಣ್ಣು ಹಾಕ" ಅಂದ. ನಾನೂ ನಾಲ್ಕು ಅಂದೆ. ಅಷ್ಟೇ ವಿಷಯ. ಕಳ್ಳರು ಕದ್ದರೆ ನಾನೇನು ಮಾಡಲಿ?

ಏಪ್ರಿಲ್ ೮, ಭಾನುವಾರ

ಚರ್ಚಿನಲ್ಲಿ ಕಾಡು ಬೆಳ್ಳುಳ್ಳಿಯ ಊಟ. ಆಲೂಗಡ್ಡೆ, ಹಂದಿಮಾಂಸ, ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು. ಮೂರು ದಿನ ಯಾರೂ ಯಾರ ಹತ್ತಿರವೂ ನಿಂತು ಮಾತಾಡುವ ಹಾಗಿಲ್ಲ, ಅಂಥ ವಾಸನೆ. ಎಂಟು ವರ್ಷವೂ ಡೆನ್ಜಿಲ್ ಆ ತುದಿಯ ಮೇಜು, ನಾನು ಈ ತುದಿಯ ಮೇಜು. ಈ ಸಲ ಆ ತುದಿ ಖಾಲಿ. ನನ್ನನ್ನು ನೋಡಿ ಹೆದರಿ ಬಂದಿಲ್ಲ. ಎರಡು ಸಲ ಬಡಿಸಿಕೊಂಡೆ, ಆದರೂ ಈ ವರ್ಷದ ಬೆಳ್ಳುಳ್ಳಿಗೆ ಆ ಖಾರ ಇಲ್ಲ.

ಮಾರ್ಚ್ ಲೆಕ್ಕ: ನನ್ನದು ೮೮. ಅವನದು ೯. ಒಂಬತ್ತು! ಆಟ ಬಿಟ್ಟು ಓಡಿಹೋದ. ನಾನು ಗೆದ್ದೆ ಎಂದು ದಿನಾಂಕದ ಸಮೇತ ಇಲ್ಲಿ ಬರೆದಿದ್ದೇನೆ.

ಏಪ್ರಿಲ್ ೧೧, ಬುಧವಾರ

ಹೊಸ ಕಥೆ ಏರಿಸಿದೆ. ನಮ್ಮ ಹೊಳೆಯಲ್ಲಿ ನಾನು ಹಿಡಿದ ಮೀನು ನನ್ನ ದೋಣಿಯನ್ನು ಮೂರು ಮೈಲಿ ಮೇಲಕ್ಕೆ, ನೀರಿಗೆ ಎದುರಾಗಿ ಎಳೆದುಕೊಂಡು ಹೋಗಿ, ಮನೆ ಹತ್ತಿರ ಬಂದಾಗ ತಾನೇ ನಿಂತಿತು ಎಂಬುದು. ನಮ್ಮ ಹೊಳೆಯಲ್ಲಿ ದೋಣಿ ತೇಲುವಷ್ಟು ನೀರೇ ಇಲ್ಲ. ಇಷ್ಟು ದೊಡ್ಡದನ್ನು ನಾನು ಈವರೆಗೆ ಹೇಳಿರಲಿಲ್ಲ.

ಹನ್ನೊಂದು ಹೆಬ್ಬೆರಳು ಮೇಲಕ್ಕೆ. ಕೆಳಕ್ಕೆ ಒಂದೂ ಇಲ್ಲ.

ಏಪ್ರಿಲ್ ೧೩, ಶುಕ್ರವಾರ

ಇನ್ನೂ ಇಲ್ಲ. ಆ ಹೊಟ್ಟೆಕಿಚ್ಚಿನವನು ಕೊನೆಗೂ ನನಗೆ ಶರಣಾದ.

ಏಪ್ರಿಲ್ ೧೪, ಶನಿವಾರ

ಇಲ್ಲ. ವಿಡಿಯೊ ಕೆಟ್ಟಿದೆಯೇನೋ ಎಂದು ಅಳಿಸಿ ಮತ್ತೆ ಏರಿಸಿದೆ.

ಏಪ್ರಿಲ್ ೧೭, ಮಂಗಳವಾರ

ಇಲ್ಲ. ಆ್ಯಪ್ ನೋಡಿದೆ. ಈ ತಿಂಗಳು ಅವನದು ಸೊನ್ನೆ ಪಾಯಿಂಟ್ ನಾಲ್ಕು. ಅದನ್ನೂ ಇದನ್ನೂ ಏಕೆ ಒಟ್ಟಿಗೆ ಬರೆದೆನೋ ಗೊತ್ತಿಲ್ಲ.

ಏಪ್ರಿಲ್ ೧೯, ಗುರುವಾರ

ಶಾಲೆಯ ಬಸ್ಸು ನನ್ನ ಅಂಗಳಕ್ಕೆ ಬಂದು ನಿಂತಿತು. ಖಾಲಿ ಬಸ್ಸು. ಇಳಿದವಳು ಟ್ರೀನಾ, ಡೆನ್ಜಿಲ್‌ನ ಮಗಳು, ಅದನ್ನು ಓಡಿಸುವವಳು. ನಲವತ್ತೈದು ಆಗಿರಬೇಕು, ನಡಿಗೆ ನಮ್ಮಮ್ಮನದೇ. ಎಂಟು ವರ್ಷ ದಾರಿಯಲ್ಲಿ ಸಿಕ್ಕಾಗ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಿದ್ದಳು, ಅಷ್ಟೆ.

"ಚಿಕ್ಕಪ್ಪ, ಒಳಗೆ ಬರಲಾ?"

"ಬಸ್ಸು ಹೊರಗೇ ಇರಲಿ, ಒಳಗೆ ಜಾಗ ಸಾಲದು" ಎಂದೆ. ಅವಳು ನಗಲಿಲ್ಲ.

ಕಾಫಿ ಮುಟ್ಟಲಿಲ್ಲ. ಫ್ರಿಜ್ಜಿನ ಮೇಲಿನ ಪತ್ರ ನೋಡುತ್ತ ಹೇಳಿದಳು: "ಅಪ್ಪನಿಗೆ ಗೊತ್ತಾದ್ರೆ ನನ್ನನ್ನು ಕೊಂದುಹಾಕ್ತಾರೆ. ಆದ್ರೂ ಬಂದೆ. ಎದೆ ಪೂರ್ತಿ ಹೋಗಿದೆ ಚಿಕ್ಕಪ್ಪ. ಕಲ್ಲಿದ್ದಲ ಗಣಿ ಧೂಳು. ಡಾಕ್ಟ್ರು ಇನ್ನೊಂದು ತಿಂಗಳು ಅಂದಿದ್ದಾರೆ."

"ಯಾವತ್ತಿಂದ?"

"ಮೂರು ವರ್ಷದಿಂದ ಮಲಗೋಕಾಗಲ್ಲ. ಮಲಗಿದ್ರೆ ಉಸಿರು ಸಿಗಲ್ಲ, ಕುರ್ಚಿಲೇ ಬೆಳಗು ಮಾಡೋದು. ಫೋನ್ ಹಿಡ್ಕೊಂಡು."

ನೂರ ನಲವತ್ತು ಜಿಬಿ.

"ಏನು ನೋಡ್ತಿದ್ರು ಕೇಳಲ್ವಾ?"

"ಕುಸ್ತಿ ಇರಬೇಕು."

"ನಿಮ್ಮ ಕಥೆಗಳು. ಮೊದಲಿಂದ ಕೊನೆವರೆಗೂ, ಮುಗಿದ್ರೆ ಮತ್ತೆ ಮೊದಲಿಂದ. ಹೊಸದು ಬಂತು ಅಂದ್ರೆ ನಾನು ಮಾತಾಡೋ ಹಾಗಿಲ್ಲ. ಪೂರ್ತಿ ನೋಡಿ, 'ಸುಳ್ಳ, ಶುದ್ಧ ಸುಳ್ಳ' ಅಂತ ಕೆಳಗಿನ ಹೆಬ್ಬೆರಳು ಒತ್ತೋರು. ಆಮೇಲೆ ಆ್ಯಪಲ್ಲಿ ನಿಮ್ಮ ನಂಬರ್ ನೋಡೋರು. 'ಬದುಕಿದ್ದಾನೆ' ಅನ್ನೋರು. ಈಗ ಫೋನ್ ಎತ್ತಿ ಹಿಡಿಯೋಕೆ ಕೈಲಾಗ್ತಿಲ್ಲ."

ಹೋಗುವಾಗ ಬಾಗಿಲಲ್ಲಿ ನಿಂತು, "ಬ್ಯಾಂಕಿನ ಪಾಸ್‌ವರ್ಡ್ ಮೂರು ಸಲ ಬದಲಿಸಿದ್ರು. ಅದೊಂದನ್ನ ಮುಟ್ಟಬೇಡ ಅಂದ್ರು" ಎಂದಳು. ಯಾವುದು ಎಂದು ನಾನು ಕೇಳಲಿಲ್ಲ.

ಏಪ್ರಿಲ್ ೨೦, ಶುಕ್ರವಾರ

ಗುಡ್ಡ ಹತ್ತಿ ಇಳಿದು ಹೋದೆ. ರಸ್ತೆಯಿದ್ದರೂ ಕಾಲುದಾರಿಯಲ್ಲೇ ಹೋದೆ. ನಮ್ಮ ದಾರಿ ಅದು. ಮುಳ್ಳು ಬೆಳೆದು ಮುಚ್ಚಿತ್ತು.

ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ. ಮೂಗಿಗೆ ನಳಿಗೆ, ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುರುಗುಡುತ್ತಿತ್ತು. ಇನ್ನೂರು ಪೌಂಡಿನ ಮನುಷ್ಯ ಮಡಿಸಿಟ್ಟ ಕೋಟಿನಂತೆ ಆಗಿದ್ದ. ನಾನು ದಾರಿಯುದ್ದಕ್ಕೂ ನಾಲ್ಕು ಒಳ್ಳೆಯ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಬಂದ್ಯಾ" ಅಂದ.

"ಬಂದೆ."

ಉಸಿರು ಕೂಡಿಸಿಕೊಂಡು ಅಂದ, "ಕರಡಿ ನಂದು."

"ನಿನ್ನದೇ. ನಾನು ಟಾರ್ಚ್ ಹಿಡಿದಿದ್ದೆ."

"ಟಾರ್ಚೂ ಇಲ್ಲ. ನೀನು ಮರದ ಮೇಲಿದ್ದೆ."

"ಮೇಲಿಂದ ಚೆನ್ನಾಗಿ ಕಾಣ್ತಿತ್ತು."

ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಟ್ರೀನಾ ಓಡಿ ಬಂದಳು. ನನಗೆ ಎಲ್ಲಿ ಕೈಯಿಡಬೇಕೋ ತಿಳಿಯದೆ ಅವನ ಪಾದ ಹಿಡಿದುಕೊಂಡೆ. ಉಣ್ಣೆಯ ಕಾಲುಚೀಲದೊಳಗೂ ತಣ್ಣಗಿತ್ತು.

ಕೆಮ್ಮು ಇಳಿದ ಮೇಲೆ, "ನಾಯಿಗೆ ಟಿವಿ ತೋರಿಸ್ತಿದ್ಯಂತೆ" ಅಂದ.

"ಯಾರು ಹೇಳಿದ್ದು?"

"ಓಪಲ್. ನಾಯಿಯಾದ್ರೂ ಕಲೀಲಿ."

ಮೇ ೩, ಗುರುವಾರ

ದಿನವೂ ಹೋಗುತ್ತಿದ್ದೇನೆ, ಬರೆಯಲು ಪುರಸೊತ್ತಿಲ್ಲ. ಕಥೆ ಹೇಳುತ್ತೇನೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ, ಸುಳ್ಳು ಬಂದಾಗ ಕುರ್ಚಿಯ ಕೈ ಮೇಲಿನ ಹೆಬ್ಬೆರಳು ಕೆಳಗೆ ತಿರುಗುತ್ತದೆ. ನಿನ್ನೆ ಒಂದು ಗಂಟೆ ಹೇಳಿದೆ, ಹೆಬ್ಬೆರಳು ತಿರುಗಿದ್ದು ತಿರುಗಿದ ಹಾಗೇ ಇತ್ತು.

ಇವತ್ತು ಕಥೆ ಹೇಳಲಿಲ್ಲ. ಮಾರ್ಚ್ ಹದಿಮೂರಕ್ಕೆ ಇಲ್ಲಿ ಬರೆದದ್ದು ಪೂರ್ತಿಯಲ್ಲ. ಓಪಲ್ ಅಂಗಡಿಯಲ್ಲಿ ನಾನು ಬೇರಿನ ಉದ್ದವನ್ನು ಮಾತ್ರ ಹೇಳಲಿಲ್ಲ. ಅವರು ನಂಬಲಿಲ್ಲ. ನಂಬಲಿ ಎಂದು ದಾರಿ ಹೇಳಿದೆ. ಯಾವ ಬಂಡೆಯ ಹತ್ತಿರ ಎಡಕ್ಕೆ, ಅಲ್ಲಿಂದ ಎಷ್ಟು ಮರ, ಎಣಿಸಿ ಹೇಳಿದೆ. ಅದನ್ನು ಅವನ ಮುಂದೆ ಹೇಳಿದೆ.

"ಗೊತ್ತು" ಅಂದ. "ಅವತ್ತೇ ಗೊತ್ತು."

ಆಮೇಲೆ ಕೈಸನ್ನೆ ಮಾಡಿ ನನ್ನ ಕಿವಿಯನ್ನು ಹತ್ತಿರಕ್ಕೆ ಕರೆದ. ಅಂದು ಕಳ್ಳರು ಬೇರು ಕಿತ್ತು ಕೆಂಪು ಹಣ್ಣುಗಳನ್ನು ನೆಲಕ್ಕೆ ಚೆಲ್ಲಿ ಹೋಗಿದ್ದರಂತೆ. ಅವನು ಮಂಡಿಯೂರಿ ಎಲ್ಲವನ್ನೂ ಆರಿಸಿ, ಬೇರೆ ಕಡೆ ಊರಿದ್ದಾನೆ. ಎಂಟು ವರ್ಷದಿಂದ ನೋಡಿಕೊಂಡಿದ್ದಾನೆ. ಉಸಿರಿಲ್ಲದ ಎದೆ ಹೊತ್ತುಕೊಂಡು, ಕಳೆದ ವರ್ಷದವರೆಗೂ ಹತ್ತಿ ಹೋಗಿದ್ದಾನೆ. ಎಲ್ಲಿ ಎಂದು ಹೇಳಿದ.

"ಟ್ರೀನಾಗೆ ಹೇಳು" ಎಂದೆ. "ನನ್ನ ಬಾಯಿ ನಿನಗೆ ಗೊತ್ತಲ್ಲ."

"ಅವಳಿಗೆ ಗಿಡ ಗೊತ್ತಿಲ್ಲ. ಅಮ್ಮನ ಕೈ ನೋಡಿದವನು ಇನ್ಯಾರಿದ್ದಾನೋ?"

ಎದ್ದು ಹೊರಡುವಾಗ ಮತ್ತೆ ಕರೆದ. "ಪ್ಲಾನ್ ಬಿಡಬೇಡ. ಜೂನಲ್ಲಿ ಫೋನ್ ಮಾಡು."

"ಖಾತೆದಾರನೇ ಮಾಡ್ಬೇಕಂತಲ್ಲ."

"ನಾನೇ ಡೆನ್ಜಿಲ್ ಅನ್ನು. ಸುಳ್ಳು ತಾನೇ? ನಿನಗೇನು ಕಷ್ಟ?"

ಆಗಲಿ ಎಂದೆ. ಕೈ ಮೇಲೆ ಕೈಯಿಟ್ಟು ಹೇಳಿದೆ.

ಮೇ ೧೧, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಟ್ರೀನಾ ಫೋನು. ಗುದ್ದಲಿ, ಸನಿಕೆ ಎರಡಕ್ಕೂ ಸಾಣೆ ಹಿಡಿದೆ.

ಮೇ ೧೪, ಸೋಮವಾರ

ಅಮ್ಮನ ಪಕ್ಕದಲ್ಲೇ. ನಮ್ಮಲ್ಲಿ ಕುಣಿಯನ್ನು ಮನೆಯವರೇ ತೋಡುವುದು. ಆರು ಜನ ಇದ್ದರು, ಸರದಿಯ ಮೇಲೆ. ನನ್ನ ಸರದಿ ಮುಗಿದರೂ ಮೇಲೆ ಬರಲಿಲ್ಲ. "ಸಾಕು ಬಾರಯ್ಯಾ, ಇನ್ನೊಬ್ಬರಿಗೆ ಬಿಡು" ಅಂದರು. ಆಳ ಸರಿಯಿಲ್ಲ ಎಂದೆ. ಸರಿಯಿತ್ತು.

ಪಾದ್ರಿ ಎರಡು ಮಾತು ಹೇಳು ಎಂದರು. ಇಡೀ ಕಣಿವೆ ನನ್ನ ಬಾಯಿ ನೋಡುತ್ತಿತ್ತು. ಜನ ಕಂಡರೆ ನಾನು ಸುಮ್ಮನಿದ್ದದ್ದು ನೆನಪಿಲ್ಲ. "ಕರಡಿ ಅವನದು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಟ್ರೀನಾ ಮಾತ್ರ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

ಜೂನ್ ೧೬, ಶನಿವಾರ

ಅಣ್ಣನ ಫೋನನ್ನು ಟ್ರೀನಾ ನನಗೆ ಕೊಟ್ಟಿದ್ದಾಳೆ. ನಂಬರು ಸತ್ತ ಹಾಗೆ ಕಾಣಬಾರದು, ದಿನವೂ ಏನಾದರೂ ನೋಡಿ ಎಂದಳು. ನಾನು ಅದನ್ನು ಜರಡಿಯಲ್ಲಿ ನನ್ನ ಫೋನಿನ ಪಕ್ಕದಲ್ಲೇ ಇಟ್ಟಿದ್ದೇನೆ. ತೆರೆದರೆ ಮೊದಲು ಬರುವುದು ನನ್ನದೇ ಮುಖ, ಬಾಯಿ ತೆರೆದುಕೊಂಡು.

ಓಪಲ್ ಧೈರ್ಯ ಹೇಳಿದಳು. "ಅದಕ್ಯಾಕಷ್ಟು ಹೆದರ್ತೀಯಾ? ಹೊಳೆಯಾಚೆ ಬರ್ನೀಸಳ ಗಂಡ ಸತ್ತು ಏಳು ವರ್ಷ ಆಯ್ತು. ಕಂಪನಿ ಕಾಗದದಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಹುಟ್ಟಿದ ಹಬ್ಬಕ್ಕೆ ಶುಭಾಶಯ ಬೇರೆ ಕಳಿಸ್ತಾರೆ. ಈ ಕಣಿವೆಲಿ ಪ್ಲಾನ್ ಇರೋವರೆಗೂ ಯಾರೂ ಸಾಯಲ್ಲ ಕಣಯ್ಯಾ."

"ಧ್ವನಿ?"

"ಮಾಡಿ ತೋರಿಸು."

ಅಂಗಡಿಯಲ್ಲಿ ಅಣ್ಣನ ಧ್ವನಿ ಮಾಡಿದೆ. ಗಂಟಲಿನಿಂದ, ನಡುನಡುವೆ ಉಸಿರು ಬಿಟ್ಟು, ಕೊನೆಗೊಂದು ಕೆಮ್ಮು. ಓಪಲ್ ಸಕ್ಕರೆ ಅಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. "ಇನ್ನೊಂದು ಸಲ ಮಾಡಬೇಡ" ಅಂದಳು.

ಜೂನ್ ೨೭, ಬುಧವಾರ

ಬೆಳಿಗ್ಗೆ ಗಡ್ಡ ಕೆರೆದುಕೊಂಡು, ತೊಳೆದ ಅಂಗಿ ಹಾಕಿಕೊಂಡು, ಅಣ್ಣನ ಫೋನಿನಿಂದ ಕಂಪನಿಗೆ ಮಾಡಿದೆ. ನಲವತ್ತು ನಿಮಿಷ ಸಂಗೀತ. ಆಮೇಲೆ ಒಬ್ಬ ಹುಡುಗಿ. ದನಿ ಕೇಳಿದರೆ ದೂರದ ಊರಿನವಳು, ಒಳ್ಳೆಯವಳು.

"ಡೆನ್ಜಿಲ್ ಕೋಗರ್ ಅವರಾ ಮಾತಾಡ್ತಿರೋದು?"

"ಹೂಂ."

ಪಾಸ್‌ವರ್ಡ್ ಕೇಳಿದಳು, ಹೇಳಿದೆ. ಹುಟ್ಟಿದ ದಿನ ಕೇಳಿದಳು, ಹೇಳಿದೆ. ಕಂಪ್ಯೂಟರಿನ ಕೀಲಿಗಳ ಸದ್ದು ಕೇಳಿಸಿತು. ಬಳಕೆ ಚೆನ್ನಾಗಿ ಇಳಿದಿದೆ, ಹತ್ತು ವರ್ಷದಿಂದ ಇದ್ದೀರಿ, ಇಂಥ ಪ್ಲಾನ್ ನಾನು ಪರದೆಯ ಮೇಲೆ ನೋಡಿದ್ದೇ ಕಡಿಮೆ, ನೀವು ಅದೃಷ್ಟವಂತರು ಎಂದಳು. ಅದೃಷ್ಟ ಎಂದೆ, ಒಂದು ಕೆಮ್ಮು ಕೆಮ್ಮಿ. ಒಳ್ಳೆಯ ಕೆಮ್ಮು. ಅದೇ ತಪ್ಪಾಯಿತು.

"ಅಯ್ಯೋ, ಕೆಮ್ಮು ಜೋರಾಗಿದೆಯಲ್ಲ ಸರ್. ಈಗ ಹೇಗಿದ್ದೀರಾ?"

ಚೆನ್ನಾಗಿದ್ದೀನಿ. ಅಷ್ಟೇ ಹೇಳಬೇಕಾಗಿದ್ದದ್ದು. ಮೂರು ಮೈಲಿ ಎಳೆದ ಮೀನನ್ನು ಹೇಳಿದ ಬಾಯಿ ಇದು. ತೆರೆದೆ. ಗಾಳಿಯಾಡಿತು, ಮಾತು ಬರಲಿಲ್ಲ.

"ಸರ್? ಇದ್ದೀರಾ?"

"ಅವನು ತೀರ್ಕೊಂಡ ಕಣಮ್ಮ" ಎಂದೆ, ನನ್ನ ದನಿಯಲ್ಲಿ. "ಮೇ ಹನ್ನೊಂದಕ್ಕೆ. ನಾನು ಅವನ ತಮ್ಮ."

ಆ ಕಡೆ ಕೀಲಿಗಳು ನಿಂತವು. ಹುಡುಗಿ ದನಿ ತಗ್ಗಿಸಿ ಅಂದಳು, "ಸರ್, ನಾನು ಲೈನ್ ಕಟ್ ಆಯ್ತು ಅಂತ ಬರ್ಕೋತೀನಿ. ನಾಳೆ ಮತ್ತೆ ಮಾಡಿ. ಬೇರೆ ಯಾರಾದ್ರೂ ಎತ್ಕೋತಾರೆ. ಅರ್ಥ ಆಯ್ತಾ?"

ಅರ್ಥವಾಯಿತು. ಬಾಗಿಲು ತೆರೆದು ಹಿಡಿದು ನಿಂತಿದ್ದಳು, ಮಗು. ನಾಳೆ ಮಾಡಿದರೆ ನಾಳೆಯೂ ಯಾರೋ ಹೇಗಿದ್ದೀರಾ ಎಂದು ಕೇಳುತ್ತಾರೆ.

"ಬೇಡಮ್ಮ. ತೀರ್ಕೊಂಡ ಅಂತಲೇ ಬರ್ಕೋ."

ತಾರೀಖು ಇನ್ನೊಂದು ಸಲ ಕೇಳಿದಳು. ಹೇಳಿದೆ. ಕುಣಿ ತೋಡಿದಾಗಲೂ ಬಾಯಲ್ಲಿ ಆ ಮಾತು ಆಡಿರಲಿಲ್ಲ.

ಎಂಟು ವರ್ಷದ ಮೇಲೆ ಅಣ್ಣ ನನ್ನಿಂದ ಬೇಡಿದ್ದು ಒಂದೇ ಒಂದು ಸುಳ್ಳು. ಜನ್ಮವೆಲ್ಲ ಬೇಡದವರಿಗೆ ಹೇಳಿಕೊಂಡು ಬಂದೆ. ಅವನಿಗೆ ಬೇಕಾದಾಗ ನನ್ನ ಹತ್ತಿರ ಇರಲಿಲ್ಲ.

ಜುಲೈ ೨, ಸೋಮವಾರ

ಪ್ಲಾನ್ ಹೋಯಿತು. ಹೊಸದು ತಿಂಗಳಿಗೆ ಹದಿನೈದು ಜಿಬಿ. ಓಪಲ್ ಮಾತು ಬಿಟ್ಟಿದ್ದಾಳೆ. ಅಂದರೆ ದಿನಕ್ಕೆ ನೂರು ಮಾತಿನಲ್ಲಿ ಬೈಯುತ್ತಾಳೆ. ನಿನ್ನೆ ಚರ್ಚು ಬಿಟ್ಟ ಮೇಲೆ ಜಗಲಿಗೆ ಬಂದವರು ಪಾದ್ರಿ ಒಬ್ಬರೇ. ಇಂಟರ್ನೆಟ್ ಇಲ್ಲ ಎಂದೆ. ಗೊತ್ತು ಎಂದು ಕೂತರು. ನಾಯಿ ಅವರ ಬೂಟಿನ ಮೇಲೆ ಮಲಗಿತು.

ಆ್ಯಪ್ ತೆರೆದೆ. ಮೇಲೆ ನನ್ನ ಹೆಸರು, ಅದರ ಕೆಳಗೆ ಒಂದೇ ನಂಬರು. ಅದರ ಕೆಳಗೆ ಬಿಳಿ ಜಾಗ. ಹೊಸ ಪಾಸ್‌ವರ್ಡ್ ಇಡಿ ಎಂದಿತು. ಐಸಿ ೧೯೩೧ ಎಂದು ಒತ್ತಿದೆ. ಹಳೆಯದನ್ನೇ ಇಡುವ ಹಾಗಿಲ್ಲವಂತೆ.

ಕರಡಿಯ ವಿಡಿಯೊವನ್ನು ಅಳಿಸಿಬಿಡೋಣ ಎಂದು ಹೋದೆ. ಕೆಳಗೆ ಅಣ್ಣನ ಹೆಬ್ಬೆರಳು ಇದೆ. ಬಿಟ್ಟೆ.

ಸೆಪ್ಟೆಂಬರ್ ೨, ಭಾನುವಾರ

ನಿನ್ನೆ ಜಿನ್ಸೆಂಗ್ ಅಗೆಯುವ ಕಾಲ ಶುರುವಾಯಿತು. ಎಲ್ಲರೂ ಗುದ್ದಲಿ ಹಿಡಿದು ಕಾಡಿಗೆ ಹೋದರು. ನಾನೂ ಹೋದೆ, ಗುದ್ದಲಿ ಇಲ್ಲದೆ. ಯಾರೂ ಹಿಂದೆ ಬರುತ್ತಿಲ್ಲವೆಂದು ಮೂರು ಸಲ ನಿಂತು ನೋಡಿದೆ.

ಇವೆ. ಅಣ್ಣ ಹೇಳಿದ ಜಾಗದಲ್ಲೇ, ಹೇಳಿದ ಹಾಗೇ. ಅಷ್ಟು ಇರಬಹುದು ಎಂದುಕೊಂಡಿರಲಿಲ್ಲ. ಹಣ್ಣು ಕೆಂಪಾಗಿ ಮಾಗಿತ್ತು. ಒಂದೊಂದನ್ನೇ ಹಿಸುಕಿ ಬೀಜ ತೆಗೆದು, ಬೆರಳಿನ ಗಿಣ್ಣಿನಷ್ಟು ಆಳಕ್ಕೆ ಒತ್ತಿ, ಮೇಲೆ ಎಲೆ ಮುಚ್ಚಿದೆ, ಅಮ್ಮ ಮಾಡುತ್ತಿದ್ದ ಹಾಗೆ. ಒಂದು ಕಡೆ ಮಣ್ಣಿನಲ್ಲಿ ಎರಡು ಗುಂಡಿ ಹಾಗೇ ಉಳಿದಿದ್ದವು, ಜೊತೆಜೊತೆಗೆ, ಎರಡು ಮಂಡಿ ಊರಿದಷ್ಟು ಅಗಲ. ಮಳೆನೀರು ನಿಂತಿತ್ತು. ನಾನು ಆ ಜಾಗದಲ್ಲೇ ಮಂಡಿಯೂರಲು ನೋಡಿದೆ. ಅವನದು ನನ್ನದಕ್ಕಿಂತ ದೊಡ್ಡ ಮಂಡಿ.

ಎಷ್ಟು ಗಿಡ, ಯಾವ ಕಡೆಯ ಇಳಿಜಾರು, ಇಲ್ಲಿ ಬರೆಯುವುದಿಲ್ಲ.

ಇಳಿದು ಬರುವಾಗ ಓಪಲ್ ಅಂಗಡಿಯ ಒಲೆಯ ಸುತ್ತ ನಾಲ್ಕು ಜನ ಕೂತಿದ್ದರು. ಬೇರಿನ ಮಾತೇ ನಡೆದಿತ್ತು. ಒಬ್ಬ ಬೆರಳುದ್ದ ಎಂದ, ಇನ್ನೊಬ್ಬ ಗೇಣುದ್ದ ಎಂದ. ಎಲ್ಲರೂ ನನ್ನ ಕಡೆ ತಿರುಗಿದರು.

"ಏನಯ್ಯಾ ಆರ್ವಿಲ್, ಎಲ್ಲಿಗೆ ಹೋಗಿದ್ದೆ?" ಅಂದಳು ಓಪಲ್. "ಮಂಡಿಯೆಲ್ಲ ಮಣ್ಣು."

"ದಾರಿಯಲ್ಲಿ ಜಾರಿ ಬಿದ್ದೆ" ಎಂದೆ.

ಇನ್ನೇನೋ ಬರುತ್ತದೆ ಎಂದು ಅವರು ಕಾದರು. ನಾನು ಕಾಫಿ ಪುಡಿ ತೆಗೆದುಕೊಂಡು ಮನೆಗೆ ಬಂದೆ. ಇಷ್ಟು ಸಣ್ಣ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ.